ಯಾಕೂಬಸಾಬನ ಒಂಟಿಗಣ್ಣು

ತಾಮ್ರದ ಹಂಡೆ ತರುತ್ತೇನೆಂದು ಬಾಗಲಕೋಟೆಗೆ ಹೋದ ಮನುಷ್ಯ ಕ್ಯಾಮೆರಾ ಹೊತ್ತುಕೊಂಡು ಬಂದರೆ ಮನೆಯಲ್ಲಿ ಏನು ನಡೆಯಬೇಕೋ ಅದೇ ಯಾಕೂಬಸಾಬನ ಮನೆಯಲ್ಲಿಯೂ ನಡೆಯಿತು. ಜೊತೆಯಲ್ಲಿ ಹೋಗಿದ್ದ ನಾನು ಬಾಗಿಲ ಹೊರಗೇ ನಿಂತೆ. ಇನ್ನೊಬ್ಬರ ಮನೆಯ ಜಗಳದ ನಡುವೆ ಹೋಗಿ ನಿಲ್ಲುವಷ್ಟು ದಡ್ಡನಾಗಿದ್ದರೆ ನಾನು ನೂಲಿನ ಅಂಗಡಿ ಇಡುತ್ತಿರಲಿಲ್ಲ.

ಒಳಗಿನಿಂದ ಅವನ ತಾಯಿ ಲಾಡಬಿಯ ದನಿ ಕೇಳಿಸಿತು.

“ಹಂಡೇವು ಎಲ್ಲೈತೋ?”

“ಹಂಡೇವು ಸೀಳಿತ್ತು, ಅಮ್ಮಿ.”

“ಮತ್ತ ಇದೇನು?”

“ಇದು ಸೀಳಿಲ್ಲ.”

ಆಮೇಲೆ ಏನೋ ಒಂದು ಪಾತ್ರೆ ಅಂಗಳಕ್ಕೆ ಬಂದು ಬಿತ್ತು. ಅದು ಹಳೆಯ ಹಂಡೆ. ಅದೂ ಸೀಳಿತ್ತು.

ದಿಲ್ಲಿಯಲ್ಲಿ ದರ್ಬಾರು ಆಗಿ ಹೋದ ಮರುವರ್ಷದ ಬೇಸಿಗೆ ಅದು. ಯಾಕೂಬಸಾಬ ಇಳಕಲ್ಲಿನಲ್ಲಿ ನೂಲಿಗೆ ನೀಲಿ ಹಾಕುವ ಬಣ್ಣಗಾರ. ಅವನ ಅಜ್ಜನೂ ಅದನ್ನೇ ಮಾಡಿದ, ಅಪ್ಪನೂ ಅದನ್ನೇ ಮಾಡಿದ. ಮೊಣಕೈತನಕ ಅವನ ಕೈ ಯಾವಾಗಲೂ ನೀಲಿ. ನಮಾಜಿಗೆ ಎಷ್ಟು ತಿಕ್ಕಿ ತೊಳೆದರೂ ನೀಲಿ. ಸಂತೆಯಲ್ಲಿ ಅವನು ಬದನೆಕಾಯಿ ಆರಿಸುತ್ತಿದ್ದರೆ ಯಾವುದು ಕಾಯಿ ಯಾವುದು ಬೆರಳು ಎಂದು ಮಾರುವವಳಿಗೇ ಗೊಂದಲ. ನನ್ನ ಅಂಗಡಿಯ ಬಿಳಿ ನೂಲು ಅವನ ಮನೆಗೆ ಹೋಗಿ ನೀಲಿಯಾಗಿ ಬರುತ್ತಿತ್ತು, ಅಲ್ಲಿಂದ ನೇಕಾರರ ಮಗ್ಗಕ್ಕೆ ಹೋಗುತ್ತಿತ್ತು. ಹೀಗಾಗಿ ಅವನ ಮನೆಯ ಹೊಸ್ತಿಲು ನನಗೆ ನನ್ನ ಗಲ್ಲೆಯಷ್ಟೇ ಪರಿಚಯ. ಅವನದು ಮಾತು ಕಡಿಮೆ. ಆದರೆ ನೆಲದ ಮೇಲೆ ಏನಾದರೂ ಹರಿದರೆ, ಗೋಡೆಯ ಮೇಲೆ ಏನಾದರೂ ತೆವಳಿದರೆ, ಎದುರಿಗೆ ನಿಂತ ಗಿರಾಕಿಯನ್ನು ಮರೆತು ಅದನ್ನೇ ನೋಡುತ್ತ ಕೂತುಬಿಡುವ ಸ್ವಭಾವ. ಎದುರಿಗೆ ನಿಂತ ಗಿರಾಕಿ ಬಹಳ ಸಲ ನಾನೇ ಆಗಿರುತ್ತಿದ್ದೆ.

ಬಾಗಲಕೋಟೆಯಲ್ಲಿ ಸ್ಟೇಷನ್ನಿನ ಹತ್ತಿರ, ವಿಲಾಯಿತಿಗೆ ಹೊರಟಿದ್ದ ಸಾಹೇಬನೊಬ್ಬನ ಸಾಮಾನನ್ನು ಲಿಲಾವಿಗೆ ಇಟ್ಟಿದ್ದರು. ಕುರ್ಚಿ, ಸ್ನಾನದ ತೊಟ್ಟಿ, ಹಂಡೆ, ಮೂರು ಕಾಲಿನ ಮೇಲೆ ನಿಲ್ಲಿಸಿದ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯ ಮುಂದೆ ಹಿತ್ತಾಳೆಯ ಕಣ್ಣು, ನಡುವೆ ಕಮ್ಮಾರನ ತಿದಿಯಂಥ ಮಡಿಕೆ ಚರ್ಮ, ಹಿಂದೆ ಮಸುಕು ಗಾಜು. ಯಾರೋ ಬೇಸರಕ್ಕೆ ಆ ತಿದಿಯನ್ನು ಪೂರ್ತಿ ಉದ್ದಕ್ಕೆ ಎಳೆದು ಮೇಜಿನ ಅಂಚಿಗೆ ತಿರುಗಿಸಿ ಬಿಟ್ಟಿದ್ದರು. ಯಾಕೂಬಸಾಬ ಹಂಡೆಯನ್ನು ಬೆರಳಿನಿಂದ ಬಾರಿಸಿ ನೋಡಿದ, ಸೀಳು ದನಿ ಕೇಳಿದ, ಎದ್ದ. ಏಳುವಾಗ ತಲೆ ಆ ಗಾಜಿನ ಹತ್ತಿರ ಬಂತು. ಅಲ್ಲಿಯೇ ನಿಂತ.

“ನೀಲಪ್ಪಣ್ಣ,” ಎಂದ, “ಇಲ್ಲಿ ಬಾ. ಇರಿವಿ ನೋಡು.”

ನೋಡಿದೆ. ಮೇಜಿನ ಮೇಲೆ ಯಾರೋ ಚೆಲ್ಲಿದ ಸಕ್ಕರೆಗೆ ಕಟ್ಟಿರುವೆಯೊಂದು ಬಂದಿತ್ತು. ಗಾಜಿನಲ್ಲಿ ಅದು ಹೆಬ್ಬೆರಳಿನ ತುದಿಯಷ್ಟು ದೊಡ್ಡದಾಗಿ, ತಲೆಕೆಳಗಾಗಿ, ಮೀಸೆ ತೀಡಿಕೊಳ್ಳುತ್ತ ನಿಂತಿತ್ತು. ನಮ್ಮ ಹುನಗುಂದದ ಕಚೇರಿಯ ಅಧಿಕಾರಿಗಳು ದಸ್ಕತ್ತು ಹಾಕುವ ಮೊದಲು ತೀಡಿಕೊಳ್ಳುತ್ತಾರಲ್ಲ, ಹಾಗೆಯೇ.

“ಇರಿವಿ ಮನ್ಯಾಗೂ ಅದಾವಲ್ಲೋ,” ಎಂದೆ.

“ಅದಾವ. ಆದರ ಇಷ್ಟು ದಿನಾ ಅವು ನನಗ ಮಕಾ ತೋರಿಸಿದ್ದಿಲ್ಲ,” ಎಂದ.

ಬಂಡಿಯಲ್ಲಿ ಹುನಗುಂದ ದಾಟಿ ಇಳಕಲ್ಲಿಗೆ ಬರುವವರೆಗೂ ಆ ಪೆಟ್ಟಿಗೆ ಅವನ ತೊಡೆಯ ಮೇಲೆ ಇತ್ತು. ನನ್ನ ನೂಲಿನ ಗಂಟುಗಳು ಅವನ ಕಾಲ ಕೆಳಗಿದ್ದವು.

ಲಾಡಬಿ ಅದಕ್ಕೆ ಒಂಟಿಗಣ್ಣು ಎಂದು ಹೆಸರಿಟ್ಟಳು. ಮನೆಯಲ್ಲಿ ಇರಲಿ ಎಂದು ಕೊನೆಗೆ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು. “ಹಿತ್ತಲದಾಗ ಏನಾರ ಮಾಡ್ಕೋ. ನನ್ನ ಬಾನಿ ಕಡೆ ಇದು ತಿರುಗಿದ ದಿನ ಇದು ಮನಿ ಬಿಡ್ತೈತಿ.”

ಬಾನಿ ಎಂದರೆ ನೀಲಿ ಬಣ್ಣ ಹುಳಿಸುವ ದೊಡ್ಡ ಮಡಕೆ. ಕುತ್ತಿಗೆತನಕ ನೆಲದಲ್ಲಿ ಹೂತಿರುತ್ತದೆ. ಅದರಲ್ಲಿ ನೀಲಿ, ಸುಣ್ಣ, ಬೆಲ್ಲ, ತಗಚಿ ಬೀಜ ಬೇಯಿಸಿದ ಗಂಜಿ, ಇವೆಲ್ಲ ಸೇರಿ ಹುಳಿತು ಉಸಿರಾಡುತ್ತಿರುತ್ತವೆ. ಬಣ್ಣಗಾರರ ಮನೆಯಲ್ಲಿ ಅದು ವಸ್ತುವಲ್ಲ, ಹೆಂಗಸು. ಇವತ್ತು ಬಾನಿ ಎದ್ದಾಳೆ ಎನ್ನುತ್ತಾರೆ, ಇವತ್ತು ಮಲಗ್ಯಾಳೆ ಎನ್ನುತ್ತಾರೆ, ಹಸಿದಾಳೆ ಎನ್ನುತ್ತಾರೆ. ಲಾಡಬಿಯ ಅತ್ತೆ ಎಬ್ಬಿಸಿದ ಬಾನಿ ಅದು. ಮಡಕೆ ಒಡೆದರೆ ಹೊಸ ಮಡಕೆ ಹೂಳುತ್ತಾರೆ, ಹಳೆಯದರ ಒಂದು ಚೆಂಬನ್ನು ಹೊಸದಕ್ಕೆ ಸುರಿಯುತ್ತಾರೆ. ಹಾಗಾಗಿ ಅತ್ತೆಯ ಕಾಲದಿಂದ ಆ ಬಾನಿ ಸತ್ತಿರಲಿಲ್ಲ. ಬಾನಿಕೋಣೆಗೆ ಹೋಗುವವರು ಕಾಲು ತೊಳೆದೇ ಹೋಗಬೇಕು. ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ, ದೃಷ್ಟಿ ತಾಗಿದರೆ ಬಾನಿ ಮುನಿಯುತ್ತಾಳೆ. ಮೇಲೆ ಏಳುವ ನೊರೆಗೆ ಹೂವು ಎನ್ನುತ್ತಾರೆ. ಆ ಹೂವಿನ ಮುಖ ನೋಡಿ ಅದಕ್ಕೆ ಸುಣ್ಣ ಬೇಕೋ ಗಂಜಿ ಬೇಕೋ ಎಂದು ತೀರ್ಮಾನಿಸುವವಳು ಲಾಡಬಿ ಒಬ್ಬಳೇ. ಮಗನಿಗೆ ನೂಲು ಅದ್ದುವ ಕೆಲಸ, ಸೊಸೆ ಹುಸೇನಬಿಗೆ ನೀರು ಹೊರುವ ಕೆಲಸ.

ಹೀಗೆ ಮನೆಯ ಒಂದು ಕಡೆ ಬಾನಿ, ಇನ್ನೊಂದು ಕಡೆ ಒಂಟಿಗಣ್ಣು. ನಡುವೆ ಯಾಕೂಬಸಾಬ.

ಮುಂಬಯಿಯಿಂದ ಪಾರ್ಸೆಲ್ಲಿನಲ್ಲಿ ಫಿಲ್ಮು ಬಂತು. ತೆಳ್ಳಗಿನ ಹಾಳೆಗಳ ಒಂದು ಕಟ್ಟು. ಹೊರಗೆ ಚಾಚಿದ ಕಾಗದದ ನಾಲಗೆ ಎಳೆದರೆ ಮುಂದಿನದು ಹಿಂದೆ ಸರಿದು ಹೊಸದು ಎದುರಿಗೆ ಬರುತ್ತಿತ್ತು. ತೊಳೆಯುವ ರೀತಿಯನ್ನು ಬಾಗಲಕೋಟೆಯ ತಾರಿನ ಬಾಬು ಬಾಯಲ್ಲೇ ಹೇಳಿಕೊಟ್ಟಿದ್ದ: ಕತ್ತಲಲ್ಲಿ ಮೊದಲನೇ ಮದ್ದಿನ ನೀರು, ಕತ್ತಲಲ್ಲಿಯೇ ಎರಡನೇ ನೀರು, ಆಮೇಲೆ ಬೆಳಕು. ಯಾಕೂಬಸಾಬ ತಲೆ ಅಲ್ಲಾಡಿಸಿ ಬಂದಿದ್ದ. ಆದರೆ ಕೈ ಬೇರೆ ಕಡೆ ಕಲಿತ ಕೈ.

ಬಾನಿಯಿಂದ ನೂಲು ಎತ್ತಿದಾಗ ಅದು ನೀಲಿ ಇರುವುದಿಲ್ಲ. ಎಳೆ ಹುಲ್ಲಿನ ಹಾಗೆ ಹಳದಿ ಹಸಿರು. ಕೋಲಿಗೆ ಹಾಕಿ ಗಾಳಿಗೆ ಹಿಡಿದರೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಗಾಳಿ ಕುಡಿಯದೆ ಬಣ್ಣ ಬಾರದು. ಇದು ಅವನಿಗೆ ಎದೆಹಾಲಿನ ಜೊತೆ ಬಂದ ತಿಳಿವು. ಹಾಗಾಗಿ ಮೊದಲನೇ ನೀರಿನಿಂದ ಫಿಲ್ಮು ತೆಗೆದವನೇ ಅದನ್ನು ಹಿತ್ತಲಿಗೆ ತಂದು, ಕೋಲಿಗೆ ಸಿಗಿಸಿ, ಬಿಸಿಲಿಗೆ ಹಿಡಿದು, ಬಣ್ಣ ಬರಲೆಂದು ಕಾದ. ಬಂತು. ಭರ್ತಿ ಬಂತು. ಹೊಳೆಯುವ ಕಪ್ಪು.

ಹಿಗ್ಗಿನಿಂದ ಅಂಗಡಿಗೆ ತಂದು ತೋರಿಸಿದ.

“ಏನೋ ಇದು?”

“ಮಲ್ಲಿಗಿ ಮೊಗ್ಗಿ. ಬಣ್ಣ ಹೆಂಗ ಹಿಡದೈತಿ ನೋಡು, ನೀಲಪ್ಪಣ್ಣ!”

“ಅಮಾಸಿ ದಿನ ಅರಳಿದ್ದೇನು?”

ಅವನು ನಕ್ಕು ಬಿಡಬೇಕಾಗಿತ್ತು, ನಗಲಿಲ್ಲ. ಮತ್ತೆ ಹಿತ್ತಲಿಗೆ ಹೋಗಿ ಉಳಿದ ಫಿಲ್ಮುಗಳನ್ನೂ ಒಂದೊಂದಾಗಿ ಬಿಸಿಲಿಗೆ ಹಿಡಿದ. ಗಾಳಿ ಸಾಲಲಿಲ್ಲವೆಂದು ಕೊನೆಯದನ್ನು ಬೀಸಿಯೂ ನೋಡಿದನಂತೆ. ಅವನ ತಪ್ಪನ್ನು ತಿದ್ದಿದವಳು ಹುಸೇನಬಿ.

“ನೂಲಿಗೆ ಗಾಳಿ ಬೇಕ್ರಿ. ಇದು ಬಾಣಂತಿ ಇದ್ದಂಗ ಕಾಣ್ತೈತಿ. ಹೊರಗ ತರಬ್ಯಾಡ್ರಿ, ಒಳಗ ಇಟ್ಟು ನೀರು ಹಾಕ್ರಿ,” ಎಂದಳು. ಇಷ್ಟೇ ಮಾತನ್ನು ತಾರಿನ ಬಾಬು ಬೇರೆ ರೀತಿಯಲ್ಲಿ ಹೇಳಿದ್ದ. ಬಾಣಂತಿ ಎಂದದ್ದರಿಂದ ಯಾಕೂಬಸಾಬನಿಗೆ ತಿಳಿಯಿತು.

ಮುಂದಿನ ಕಟ್ಟಿನಲ್ಲಿ ಚಿತ್ರ ಬಂತು, ಆದರೆ ನಿಲ್ಲಲಿಲ್ಲ. ನಮ್ಮ ಕಡೆಯ ಬೇಸಿಗೆಯ ನೀರಿಗೆ ಫಿಲ್ಮಿನ ಮೇಲಿನ ಪದರು ಹಾಲಿನ ಕೆನೆಯಂತೆ ಸುಕ್ಕಾಗಿ ಜಾರಿ ತಟ್ಟೆಯಲ್ಲಿ ತೇಲಿತು. ಕತ್ತಲೂ ಬೇಕು, ತಂಪೂ ಬೇಕು. ಹಿತ್ತಲಿನ ಹಗೇವು ಆಗ ಖಾಲಿ ಇತ್ತು. ಜೋಳವನ್ನು ನೆಲದೊಳಗೆ ಇಡುವ ಆಳದ ಕುಣಿ ಅದು, ಬಾಯಿಗೆ ಹಾಸುಗಲ್ಲು. ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ, ದೀಪ ಆರದಿದ್ದರಷ್ಟೇ ಮನುಷ್ಯ ಇಳಿಯುವುದು ನಮ್ಮಲ್ಲಿ ರೂಢಿ. ಯಾಕೂಬಸಾಬ ಅದೆಲ್ಲವನ್ನೂ ಮಾಡಿ, ಕೆಂಪು ಬಣ್ಣ ಹಾಕಿದ ಅರಿವೆಯನ್ನು ಕಂದೀಲಿಗೆ ಸುತ್ತಿ, ತಟ್ಟೆಗಳ ಸಮೇತ ಕೆಳಗಿಳಿದ.

ಇದು ನನಗೆ ಗೊತ್ತಿರಲಿಲ್ಲ. ನೂಲಿನ ವಿಷಯ ಕೇಳಲು ಹೋದರೆ ಹುಸೇನಬಿ ಹಗೇವಿನ ಕಲ್ಲಿನ ಮೇಲೆ ಕೂತು ಹೆಸರುಕಾಳು ಆರಿಸುತ್ತಿದ್ದಳು.

“ಯಾಕೂಬ ಎಲ್ಲವ್ವಾ?”

“ಕೆಳಗ ಅದಾರ್ರಿ, ಅಣ್ಣಾರ.”

“ಯಾವ ಕೆಳಗ? ಪ್ಯಾಟಿ ಕಡೆಯೋ?”

“ಈ ಕಲ್ಲಿನ ಕೆಳಗ್ರಿ.”

ನಾನು ಹೌಹಾರಿದ್ದನ್ನು ಕಂಡು ಆಕೆ ಸಾವಕಾಶವಾಗಿ ಕಲ್ಲಿನ ಮೇಲೆ ಬಳೆಯಿಂದ ಬಾರಿಸಿದಳು. ನೆಲದೊಳಗಿನಿಂದ ದನಿ ಬಂತು: “ತಗೀಬ್ಯಾಡಾ! ಇನ್ನೂ ಎರಡನೇ ನೀರು ಆಗಿಲ್ಲ!”

“ಅದಾರ,” ಎಂದಳು ಹುಸೇನಬಿ, ಮತ್ತೆ ಕಾಳು ಆರಿಸತೊಡಗಿದಳು.

ಆ ದಿನ ಮೇಲೆ ಬಂದದ್ದು ಹಾಗಲಬಳ್ಳಿಯ ಕುಡಿ. ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು. ನಡುವೆ ಒಂದು ಕಡೆ ಸುತ್ತು ತಿರುಗಿ ಉಲ್ಟಾ ಆಗಿತ್ತು. “ಅರ್ಧ ಬಲಕ್ಕ ಸುತ್ತೇತಿ, ಅರ್ಧ ಎಡಕ್ಕ. ಯಾಕ?” ಎಂದು ನನ್ನನ್ನು ಕೇಳಿದ. ಹುಟ್ಟಿದಾಗಿನಿಂದ ಹಾಗಲಕಾಯಿ ತಿನ್ನುತ್ತ ಬಂದ ನನಗೆ ಅದು ಗೊತ್ತಿರಲಿಲ್ಲ. ಮನೆಗೆ ಹೋಗಿ ನಮ್ಮ ಬಳ್ಳಿಯನ್ನು ನೋಡಿದೆ. ಅಲ್ಲಿಯೂ ಹಾಗೆಯೇ ಇತ್ತು. ಯಾಕೆ ಎಂದು ಈಗಲೂ ಗೊತ್ತಿಲ್ಲ.

ಆಮೇಲೆ ಓತಿಕ್ಯಾತನ ಕಣ್ಣು ಬಂತು, ನುಗ್ಗೆಮರದ ಕಂಬಳಿಹುಳು ಬಂತು, ತೊಂಡೆಬಳ್ಳಿಯ ನಡುವೆ ಬಲೆ ನೇಯ್ದ ಜೇಡ ಬಂತು. ಹತ್ತಿರ ಹೋದಷ್ಟೂ ತಿದಿ ಉದ್ದ ಬೇಕು; ಸಾಲದ್ದಕ್ಕೆ ಮೋಚಿಯಿಂದ ಇನ್ನೊಂದು ಚರ್ಮದ ತಿದಿ ಹೊಲಿಸಿ ಮೊದಲನೆಯದಕ್ಕೆ ಜೋಡಿಸಿದ. ಈಗ ಆ ಪೆಟ್ಟಿಗೆ ಮೊಸಳೆಯ ಮೂತಿಯಂತೆ ಕಾಣುತ್ತಿತ್ತು. ಪ್ರತಿ ಚಿತ್ರದ ಮೂಲೆಯಲ್ಲಿ ಅವನ ಹೆಬ್ಬೆರಳಿನ ನೀಲಿ ಗುರುತು. ಎಷ್ಟು ತೊಳೆದರೂ ಹೋಗದ ಬೆರಳು, ಎಷ್ಟು ಹುಷಾರಾಗಿ ಹಿಡಿದರೂ ಬೀಳುವ ಮುದ್ರೆ.

ನನ್ನ ಕುತೂಹಲ ಬೆಳೆಯಿತು. ನೂಲಿನ ನೆಪ ಹೇಳಿ ನಾನು ಹೋಗುವುದು ಹೆಚ್ಚಾಯಿತು. ಮನೆಯಲ್ಲಿ ಹೆಂಡತಿ ಕೇಳಿದರೆ ವ್ಯಾಪಾರ ಎಂದೆ.

ಊರಿನವರಿಗೆ ಇದು ತಿಳಿದ ಮೇಲೆ ಫೋಟೋ ತೆಗೆಸಿಕೊಳ್ಳಲು ಬಂದರು. ಪಕ್ಕದ ಮನೆಯ ನೇಕಾರರ ಸೋಮವ್ವ ಮದುವೆಯ ಸೀರೆ ಉಟ್ಟು, ಇದ್ದ ಬಂಗಾರವನ್ನೆಲ್ಲ ಹಾಕಿಕೊಂಡು ಬಂದಳು. ಯಾಕೂಬಸಾಬ ಒಲ್ಲೆ ಎಂದ.

“ಯಾಕೋ ಯಪ್ಪಾ, ನಾ ಆ ಓತಿಕ್ಯಾತಗಿಂತ ಕಡಿಮಿ ಅದೇನಿ?”

“ಹಂಗಲ್ಲ, ಅಕ್ಕಾ. ನೀ ಬರೇಗಣ್ಣಿಗೆ ಕಾಣ್ತಿ. ಕಾಣೂದನ್ನ ತಗೊಂಡು ಏನ ಮಾಡ್ಲಿ?”

ನನ್ನ ಮಾತು ತೆಗೆದುಹಾಕಲಾರ ಎಂದು ನಾನು ರುಮಾಲು ಸುತ್ತಿ, ಕೋಟು ಹಾಕಿ, ಕುರ್ಚಿ ತರಿಸಿ ಕೂತೆ. ಅವನು ಒಪ್ಪಿದ, ಪೆಟ್ಟಿಗೆಯನ್ನು ಬಹಳ ಹತ್ತಿರ ತಂದ. ಅಲ್ಲಾಡಬೇಡ ಎಂದ, ಉಸಿರೂ ಹಿಡಿ ಎಂದ. ಆಗ ಅನುಮಾನ ಬರಬೇಕಿತ್ತು. ಚಿತ್ರ ಬಂದಾಗ ಅದರಲ್ಲಿ ರುಮಾಲೂ ಇಲ್ಲ, ಕೋಟೂ ಇಲ್ಲ. ನನ್ನ ಮೀಸೆ ಇತ್ತು, ಅದರ ಮೇಲೆ ಕೈ ಉಜ್ಜಿಕೊಳ್ಳುತ್ತ ಕೂತ ನೊಣ ಇತ್ತು. “ನೊಣ ಭಾಳ ಚಲೋ ಬಂದೈತಿ,” ಎಂದ ಯಾಕೂಬಸಾಬ. ಖರೇ ಹೇಳಬೇಕೆಂದರೆ ಬಂದಿತ್ತು.

ಬನಶಂಕರಿಯಲ್ಲಿ ನನಗೆ ಕೆಲಸವಿದ್ದಾಗ ಬಾದಾಮಿ ತೋರಿಸುತ್ತೇನೆಂದು ಅವನನ್ನೂ ಕರೆದೊಯ್ದೆ. ಸಾಹೇಬರು ದೂರದಿಂದ ಬಂದು ಆ ಗುಹೆಗಳ ಕಂಬ, ಮೂರ್ತಿ ಎಲ್ಲವನ್ನೂ ಫೋಟೋ ತೆಗೆಯುತ್ತಾರೆ. ಇವನು ಮೆಟ್ಟಿಲ ಮೇಲೆ ಬೋರಲು ಬಿದ್ದು ಕಲ್ಲಿನ ಮೇಲಿನ ಹಾವಸೆಯನ್ನು ನೋಡತೊಡಗಿದ. ಅಷ್ಟರಲ್ಲಿ ಮಂಗ ಬಂದು, ಗಾಜು ನೋಡುವಾಗ ತಲೆಗೆ ಹೊದೆಯುವ ಅವನ ಕರಿ ಅರಿವೆ ಎತ್ತಿಕೊಂಡು ಹೋಗಿ ಕಂಬದ ಮೇಲೆ ಕೂತು ಹೊದ್ದುಕೊಂಡಿತು. “ಅದನ್ನಾರ ತಗೀ ಮಾರಾಯಾ,” ಎಂದೆ. “ಅದು ಇಲ್ಲಿಂದ ಕಾಣ್ತೈತಲ್ಲ,” ಎಂದ. ಅವನಿಗೆ ಉತ್ತರ ಒಂದೇ.

ಆಷಾಢದಲ್ಲಿ ಬಾನಿ ಕೆಟ್ಟಿತು.

ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಬೇಕು, ಸೀರೆಗೆ ನೀಲಿ ನೂಲು ಬೇಕು. ನನ್ನ ನೂಲೆಲ್ಲ ಯಾಕೂಬಸಾಬನ ಮನೆಯಲ್ಲಿತ್ತು. ತರಲು ಹೋದರೆ ಹಳೇ ಧೋತರ ತೊಳೆದ ನೀರಿನಂಥ ಬಣ್ಣದ ಲಡಿ ಕೈಗೆ ಬಂತು. ಮತ್ತೆ ಅದ್ದಿದರು, ಅಷ್ಟೇ. ಬಾನಿ ಮಲಗಿದ್ದಳು.

ಲಾಡಬಿ ಮೂರು ಹೊತ್ತೂ ಬಾನಿಕೋಣೆಯಲ್ಲಿಯೇ ಇದ್ದಳು. ಬಗ್ಗಿ ಮೂಸುವಳು, ಬೆರಳು ಅದ್ದಿ ನಾಲಗೆಗೆ ಹಚ್ಚುವಳು, ಸುಣ್ಣ ಹಾಕುವಳು. ಬಾನಿ ಏಳಲಿಲ್ಲ. ಅತ್ತೆಯ ಕಾಲದಿಂದ ಸಾಯದ ಬಾನಿ ತನ್ನ ಕೈಯಲ್ಲಿ ಸತ್ತರೆ ಎಂಬ ಭಯ ಆಕೆಯ ಮುಖದಲ್ಲಿತ್ತು. ಸತ್ತರೆ ಮುಂದೇನು ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಅಂಗಡಿಯ ಗೂಡಿನಲ್ಲಿ ಜರ್ಮನಿಯ ಡಬ್ಬಿ ಬಣ್ಣ ಸಾಲಾಗಿ ಕೂತಿತ್ತು. ಅದಕ್ಕೆ ಹೂವೂ ಬೇಡ, ಗಂಜಿಯೂ ಬೇಡ, ಲಾಡಬಿಯೂ ಬೇಡ. ನಾನು ಅದರ ಸುದ್ದಿ ಎತ್ತಲಿಲ್ಲ. ಎತ್ತುವಷ್ಟು ಧೈರ್ಯವೂ ಇರಲಿಲ್ಲ, ಆಕೆಯ ಕೈಯಲ್ಲಿ ಸುಣ್ಣದ ಸಟ್ಟುಗ ಇತ್ತು.

ಕೊನೆಗೆ ಆಕೆ ಹೊಸ್ತಿಲಿಗೆ ಬಂದು, ನನ್ನ ಎದುರಿಗೇ ಮಗನನ್ನು ಕರೆದಳು.

“ಯಾಕೂಬ, ಖರೇ ಹೇಳು. ಆ ಒಂಟಿಗಣ್ಣು ನನ್ನ ಬಾನಿ ನೋಡೇತೇನು?”

ಇಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತು. ವ್ಯಾಪಾರದಲ್ಲಿ ಇಂಥ ಹೊತ್ತಿಗೆ ಏನು ಹೇಳಬೇಕೆಂದು ನನಗೆ ಗೊತ್ತು. ಕಣ್ಸನ್ನೆ ಮಾಡಿಯೂ ಮಾಡಿದೆ. ಯಾಕೂಬಸಾಬ ನನ್ನ ಕಡೆ ನೋಡಲೇ ಇಲ್ಲ.

“ನೋಡೇತಿ, ಅಮ್ಮಿ. ಒಂದ ಸಲ. ಮಧ್ಯಾಹ್ನ ನೀ ಮಲಗಿದ್ದಿ. ಹುಸೇನಿ ಕನ್ನಡೀಲೆ ಒಳಗ ಬಿಸಿಲು ಬಿಟ್ಲು.”

“ಹೂಂ,” ಎಂದಳು ಲಾಡಬಿ. ಮೂಲೆಯಲ್ಲಿ ನಿಂತಿದ್ದ ಹುಸೇನಬಿ ಸೆರಗು ಎಳೆದುಕೊಂಡಳು. “ಶುಕ್ರವಾರದ ಒಳಗ ಬಾನಿ ಎದ್ರ ಛಲೋ. ಇಲ್ಲಂದ್ರ ಆ ಶೈತಾನನ್ನ ನಾನ ಕೈಯಾರೆ ಒಳ್ಳಿನಾಗ ಹಾಕಿ ಕುಟ್ತೇನಿ. ನೀಲಪ್ಪ, ನೀ ಸಾಕ್ಷಿ.”

ನಾನು ಯಾವುದಕ್ಕೂ ಸಾಕ್ಷಿಯಾಗಲು ಬಂದಿರಲಿಲ್ಲ. ಆದರೂ ಹೋಗಲಿಲ್ಲ.

ಯಾಕೂಬಸಾಬ ಒಳಗೆ ಹೋಗಿ ಒಂದು ಚಿತ್ರ ತಂದು ತಾಯಿಯ ಕೈಗೆ ಕೊಟ್ಟ. ಇವನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡೆ. ಕೈಗೆ ಸಿಕ್ಕ ಕಳ್ಳ ಕದ್ದ ಮಾಲನ್ನೂ ತಂದು ತೋರಿಸುತ್ತಿದ್ದಾನೆ. ಲಾಡಬಿ ಅದನ್ನು ತೋಳು ಚಾಚಿ ಹಿಡಿದಳು, ಮೂಗಿನ ಹತ್ತಿರ ತಂದಳು, ಅಂಗಳದ ಬೆಳಕಿಗೆ ಬಂದಳು.

“ಏನಿದು, ದ್ರಾಕ್ಷಿ ಗೊನಿಯಾ?”

“ಬಾನಿ ಹೂವು, ಅಮ್ಮಿ.”

ಲಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆಗಳು, ಒಂದಕ್ಕೊಂದು ಆತುಕೊಂಡು. ಆಕೆಯ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ನೀಲಿ ಬೆರಳು ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ನಡೆಯಿತು.

“ಇಲ್ಲಿ ನೋಡು, ತೊಗಲು ತೆಳ್ಳಗಾಗೇತಿ. ಇಲ್ಲಿ ಅಂಚು ಹರದೈತಿ. ಗುಳ್ಳಿ ಏಳ್ತಾವ, ನಿಲ್ಲೂದಿಲ್ಲ. ಹಸದಾಳೋ ಇಕಿ. ಗಂಜಿ ಬೇಡಾಕತ್ತಾಳ.” ತಲೆ ಎತ್ತಿದಳು. “ಅವತ್ತು ಇಕಿಗೆ ಏನು ಹಾಕಿದ್ರಿ?”

ಯಾಕೂಬಸಾಬ ನೆಲ ನೋಡಿದ.

“ಬಾಯಿಲ್ಲೇನು? ಏನು ಹಾಕಿದ್ರಿ?”

“ಸುಣ್ಣ.”

“ಹಸದಾಕಿಗೆ ಸುಣ್ಣ? ಯಾವ ಕುರುಡ ಹಾಕಿದ?”

ಹುಸೇನಬಿ ಕೊಡದ ನೀರನ್ನು ನೋಡಿದಳು, ನಾನು ನನ್ನ ಚಪ್ಪಲಿ ನೋಡಿದೆ. ಲಾಡಬಿ ಮೊದಲು ಮಗನನ್ನು ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ ಸಟ್ಟುಗವನ್ನು ನೋಡಿದಳು. ಅದರ ತುದಿಗೆ ಸುಣ್ಣ ಒಣಗಿ ಅಂಟಿಕೊಂಡಿತ್ತು.

ಸಾವಕಾಶವಾಗಿ ಹೊಸ್ತಿಲ ಮೇಲೆ ಕೂತಳು.

“ಯುಗಾದಿಯಿಂದ ಹಿಂಗ ಐತಿ,” ಎಂದಳು, ಯಾರಿಗೂ ಅಲ್ಲ ಎನ್ನುವಂತೆ. “ದೂರಿಂದು ಕಾಣ್ತೈತಿ. ಹತ್ತರದ್ದು ಹೊಗಿ ಕವಿದಂಗ. ಮೂಗಿನ ಮ್ಯಾಲೆ ನಡಿಸಿದೆ. ಮೂಗು ಅರ್ಧಾ ಹೇಳ್ತೈತಿ.”

“ನನಗ ಹೇಳಬಾರದೇನ, ಅಮ್ಮಿ?”

“ಹೇಳಿದ್ರ ನೀ ನೀಲಪ್ಪನ ಡಬ್ಬಿ ತರ್ತಿದ್ದಿ.”

ಮೂವರೂ ನನ್ನ ಕಡೆ ನೋಡಿದರು. ನಾನು ಒಂದು ಡಬ್ಬಿಯನ್ನೂ ತಂದಿರಲಿಲ್ಲ, ಆದರೂ ಕೈ ಹಿಂದೆ ಕಟ್ಟಿಕೊಂಡೆ.

ಲಾಡಬಿ ಚಿತ್ರವನ್ನು ಮತ್ತೆ ತೋಳು ಚಾಚಿ ಹಿಡಿದಳು. “ಇದು ಅವತ್ತಿನ ಮಕಾ. ಇವತ್ತಿನ ಮಕಾ ಬೇಕು. ಕೆಳಗಿಳಿದು ನೀರು ಮಾಡಿ ತೊಳದು ತರೂದರಾಗ ಬಾನಿ ಸಾಯ್ತೈತಿ. ಆಗಿಂದಾಗ ತೋರಸ್ತೈತೇನೋ ಅದು?”

“ಗಾಜಿನಾಗ ತೋರಸ್ತೈತಿ.”

“ತಾ ಹಂಗಾರ.”

ಯಾಕೂಬಸಾಬ ಓಡಿದ. ಒಂಟಿಗಣ್ಣನ್ನು ಹೊತ್ತು ಬಾನಿಕೋಣೆಯ ಹೊಸ್ತಿಲಿಗೆ ಬಂದಾಗ ಲಾಡಬಿ ಅಡ್ಡ ಕೈ ಹಿಡಿದಳು. ಮನಸ್ಸು ಬದಲಾಯಿಸಿದಳೋ ಎಂದುಕೊಂಡೆ.

“ಕಾಲು ತೊಳೀರಿ ಅದಕ್ಕ.”

ಹುಸೇನಬಿ ಚೆಂಬು ತಂದು ಕ್ಯಾಮೆರಾದ ಮೂರು ಕಾಲುಗಳನ್ನೂ ತಿಕ್ಕಿ ತೊಳೆದಳು. ಆಮೇಲೆ ಅದು ಒಳಗೆ ಹೋಯಿತು. ನಾನು ರೂಢಿಯಂತೆ ಹೊರಗೇ ನಿಂತು ಕತ್ತು ಉದ್ದ ಮಾಡಿದೆ. ಬಾನಿಯ ಬಾಯಿಯ ಮೇಲೆ ಮೊಸಳೆಮೂತಿ ಬಗ್ಗಿತು. ಹುಸೇನಬಿ ಅಂಗಳದಲ್ಲಿ ನಿಂತು, ಮೋಡ ಸರಿದಾಗಲೆಲ್ಲ ಕನ್ನಡಿಯಿಂದ ಬಿಸಿಲನ್ನು ಒಳಗೆ ಎಸೆದಳು. ಆ ಬಿಸಿಲು ಒಂದೆರಡು ಸಲ ನನ್ನ ಕಣ್ಣಿಗೂ ಬಿತ್ತು. ಬೇಕೆಂದೇ ಬಿಟ್ಟಳೋ ಏನೋ. ಲಾಡಬಿ ಕರಿ ಅರಿವೆಯೊಳಗೆ ತಲೆ ಹಾಕಿದಳು.

“ಯಾ ಅಲ್ಲಾ! ಬಾನಿ ಮುಗಲಿಗೆ ಹತ್ಯಾಳ!”

“ಅದು ತೆಲಿಕೆಳಗ ತೋರಸ್ತೈತಿ, ಅಮ್ಮಿ.”

“ತೋರಸ್ಲಿ ಬಿಡು. ನಿಮ್ಮಪ್ಪನೂ ಎಲ್ಲಾ ತೆಲಿಕೆಳಗ ಹೇಳ್ತಿದ್ದ, ಸಂಸಾರ ಮಾಡಲಿಲ್ಲೇನು?”

ಅರಿವೆಯೊಳಗಿನಿಂದ ಹುಕುಮು ಬರತೊಡಗಿದವು. ಸುಣ್ಣ ಬೇಡ. ತಗಚಿ ಗಂಜಿ ತೆಳ್ಳಗೆ, ಬೆಚ್ಚಗೆ. ಬೆಲ್ಲ ಚಿಟಿಕೆ ಹೆಚ್ಚು. ಬಾನಿಯ ಸುತ್ತ ಕುದುರೆಲದ್ದಿಯ ಕಾವು. ಕೋಲಿನಿಂದ ಒಂದೇ ದಿಕ್ಕಿಗೆ ತಿರುವು. ಸ್ವಲ್ಪ ಹೊತ್ತಿನ ಮೇಲೆ ತಲೆ ಹೊರಗೆ ಬಂತು. “ಹುಸೇನಿ, ಕನ್ನಡಿ ಅವನ ಕೈಯಾಗ ಕೊಡು. ನೀ ಬಾ ಇಲ್ಲಿ. ನನ್ನ ಬಾಜೂಕ ತೆಲಿ ಹಾಕು.”

ಮದುವೆಯಾಗಿ ಬಂದಾಗಿನಿಂದ ಆ ಬಾನಿಯನ್ನು ಬಗ್ಗಿ ನೋಡುವ ಹಕ್ಕು ಹುಸೇನಬಿಗೆ ಸಿಕ್ಕಿರಲಿಲ್ಲ. ಕಾಲು ತೊಳೆದು ಒಳಗೆ ಹೋದಳು. ಒಂದೇ ಕರಿ ಅರಿವೆಯ ಕೆಳಗೆ ನಾಲ್ಕು ಕಾಲುಗಳು ಕಂಡವು, ಕ್ಯಾಮೆರಾದವು ಬೇರೆ. ಒಳಗಿನ ಪಿಸುಮಾತು ನನಗೆ ಕೇಳಿಸಿತು.

“ಇದು ನೋಡು, ಸಣ್ಣದು. ಇದು ಕೂಸು. ಆ ದೊಡ್ಡದರ ಮ್ಯಾಲೆ ಸುಕ್ಕು ಬಿದ್ದೈತಲ್ಲ, ಅದು ಹಸಿವಿ. ಅದು ಬಿಗದ್ರ ಹೊಟ್ಟಿ ತುಂಬ್ತು ಅಂತ ತಿಳಿ.”

“ಒಡೀತ್ರಿ, ಅತ್ತಿ!”

“ಒಡೀಲಿ. ಹೆಂಗ ಒಡೀತು, ಅದನ್ನ ಹೇಳು.”

ಮರುದಿನ ಹೋದೆ, ಅದರ ಮರುದಿನವೂ ಹೋದೆ. ವ್ಯಾಪಾರ ಎಂದು ಹೇಳುವ ಗೊಡವೆಗೂ ಹೋಗಲಿಲ್ಲ. ಹೋದಾಗಲೆಲ್ಲ ಅರಿವೆಯ ಕೆಳಗೆ ಎರಡು ತಲೆ, ಅಂಗಳದಲ್ಲಿ ಕನ್ನಡಿ ಹಿಡಿದು ಸೂರ್ಯನನ್ನು ಕಾಯುತ್ತ ನಿಂತ ಯಾಕೂಬಸಾಬ. ಆಷಾಢದ ಮೋಡಕ್ಕೆ ಅವನು ಬಯ್ದ ಬೈಗುಳ ಅವನ ಬಾಯಿಂದ ನಾನು ಅದೇ ಮೊದಲ ಸಲ ಕೇಳಿದ್ದು. ಬಾನಿ ಏಳಲಿಲ್ಲವೆಂದರೆ ಕನ್ನಡಿ ಅವನ ಕೈಯಲ್ಲಿ ಉಳಿಯುತ್ತಿತ್ತು, ಕ್ಯಾಮೆರಾ ಒರಳಿಗೆ ಹೋಗುತ್ತಿತ್ತು. ಲಾಡಬಿ ಮಾತು ಹಿಂದೆ ತೆಗೆದುಕೊಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಹೊಸ್ತಿಲಿಗೆ ಹೋದಾಗ ಅರಿವೆಯ ಕೆಳಗೆ ಒಂದೇ ತಲೆ ಇತ್ತು. ಅರಿವೆ ಸರಿಸಿ ಹೊರಗೆ ಬಂದವಳು ಹುಸೇನಬಿ.

“ಬಿಗದಾವ್ರಿ,” ಎಂದಳು.

ಲಾಡಬಿ ತಾನು ನೋಡಲಿಲ್ಲ. “ಅದ್ದು,” ಎಂದಳು ಮಗನಿಗೆ.

ಯಾಕೂಬಸಾಬ ನನ್ನದೇ ಒಂದು ಲಡಿ ನೂಲನ್ನು ಅದ್ದಿ, ಹಿಂಡಿ, ಕೋಲಿಗೆ ಹಾಕಿ ಅಂಗಳಕ್ಕೆ ತಂದ. ಹಳದಿ ಹಸಿರು. ಎಲ್ಲರೂ ನೋಡುತ್ತ ನಿಂತೆವು. ಗಾಳಿ ಬೀಸಿತು. ಎಳೆಯ ತುದಿಯಿಂದ ನೀಲಿ ಏರತೊಡಗಿತು, ಲಡಿಯ ನಡುವಿಗೆ ಬಂತು, ಮೇಲಕ್ಕೆ ಹೋಯಿತು. ಬರಬರುತ್ತ ಕಪ್ಪಿಗೆ ತಿರುಗುವಂಥ ನೀಲಿ. ಲಾಡಬಿ ಲಡಿಯನ್ನು ಕೈಯಲ್ಲಿ ತೂಗಿ, ದೂರ ಹಿಡಿದು ನೋಡಿ, ನನ್ನ ಹೆಗಲ ಮೇಲೆ ಹಾಕಿದಳು. ನನ್ನ ಬಿಳಿ ಅಂಗಿ ಹಾಳಾಯಿತು.

“ಒಳ್ಳು ತಗದು ಹಿತ್ತಲಕ್ಕ ಇಡು,” ಎಂದಳು ಸೊಸೆಗೆ. ಯಾಕೂಬಸಾಬ ಉಸಿರು ಬಿಟ್ಟ.

ಪಂಚಮಿಗೆ ಸೀರೆಗಳು ಹೋದವು. ಅಂದಿನಿಂದ ದಿನಾ ಬೆಳಿಗ್ಗೆ ಒಂಟಿಗಣ್ಣಿನ ಕಾಲು ತೊಳೆದು ಬಾನಿಕೋಣೆಗೆ ಒಯ್ಯುವುದು ಆ ಮನೆಯ ರೂಢಿಯಾಯಿತು. ಮಧ್ಯಾಹ್ನದ ಮೇಲೆ ಅದು ಯಾಕೂಬಸಾಬನಿಗೆ ಸಿಗುತ್ತಿತ್ತು, ಇರುವೆ ಹುಳುಗಳ ಪಾಲಿಗೆ. “ನನ್ನ ಕ್ಯಾಮೆರಾ ನನಗ ಅರ್ಧಾ ದಿನದ ಮ್ಯಾಲೆ ಕೊಡ್ತಾರ,” ಎಂದು ನನ್ನೆದುರು ದೂರಿದ. ದೂರುವಾಗ ಮುಖದಲ್ಲಿ ದೂರಿರಲಿಲ್ಲ.

ಮುಂದೆ ಯುದ್ಧ ಬಂತು, ಜರ್ಮನಿಯ ಡಬ್ಬಿ ಬರುವುದು ನಿಂತಿತು. ನನ್ನ ಗೂಡು ಖಾಲಿಯಾದಾಗ ಊರಿನ ನೂಲೆಲ್ಲ ಆ ಬಾನಿಯ ಕಡೆಗೇ ನಡೆಯಿತು. ಅದೇ ಕಾಲಕ್ಕೆ ಯಾರೋ ಅವನಿಗೆ ಸುರುಳಿ ಫಿಲ್ಮು ಹಾಕುವ ಸಣ್ಣ ಕ್ಯಾಮೆರಾ ತಂದು, ಹಳೆಯದಕ್ಕೆ ಬದಲು ಕೊಡುತ್ತೇನೆಂದರು. ಅವನು ತಿರುವಿ ನೋಡಿ ಮರಳಿ ಕೊಟ್ಟ. “ಹಿಂದ ಗಾಜಿಲ್ಲ ಇದಕ್ಕ. ಅಮ್ಮಿ ಎಲ್ಲಿ ನೋಡಬೇಕು?”

ಕೆಲವು ವರ್ಷದಲ್ಲಿ ಲಾಡಬಿಗೆ ಗಾಜಿನಲ್ಲಿಯೂ ಕಾಣದಾಯಿತು. ಹೊಸ್ತಿಲಲ್ಲಿ ಕೂತು ಮೂಸುವಳು, ಸೊಸೆ ಏನು ಕಂಡಳೆಂದು ಕೇಳುವಳು, ಎರಡನ್ನೂ ಕೂಡಿಸಿ ಹುಕುಮು ಕೊಡುವಳು. ಆಕೆ ತೀರಿಕೊಂಡ ಮೇಲೆ ಬಾನಿ ಹುಸೇನಬಿಯ ಕೈಗೆ ಬಂತು. ಆ ಹೊತ್ತಿಗೆ ಕ್ಯಾಮೆರಾದ ತಿದಿ ಅಲ್ಲಲ್ಲಿ ಹರಿದು ಯಾಕೂಬಸಾಬನ ಹಿತ್ತಲಿನ ಕೆಲಸಕ್ಕಷ್ಟೇ ಉಳಿದಿತ್ತು. ಹುಸೇನಬಿ ಬರಿಗಣ್ಣಿನಲ್ಲಿಯೇ ಹೂವು ನೋಡುತ್ತಿದ್ದಳು.

ಆದರೆ ನೋಡುವ ರೀತಿ ಬೇರೆ. ನಾನು ಹೊಸ್ತಿಲಿನಿಂದ ಎಷ್ಟೋ ಸಲ ಕಂಡಿದ್ದೇನೆ. ಒಂಟಿಗಣ್ಣು ನಿಲ್ಲುತ್ತಿದ್ದ ಜಾಗದಲ್ಲಿ, ಬಾನಿಯ ಎದುರಿಗೆ ಬಂದು ನಿಲ್ಲುವುದಿಲ್ಲ. ಸುತ್ತು ಹಾಕಿ ಗೋಡೆಯ ಕಡೆಗೆ ಹೋಗಿ, ಬಾಗಿಲಿಗೆ ಮುಖ ಮಾಡಿ, ಸೊಂಟ ಬಗ್ಗಿಸಿ, ಕುತ್ತಿಗೆ ತಿರುವಿ ತಲೆಯನ್ನು ಆದಷ್ಟು ಕೆಳಗೆ ತರುತ್ತಾಳೆ. ವಯಸ್ಸಾದ ಹೆಂಗಸು, ಕುತ್ತಿಗೆ ಹಿಡಿದುಕೊಂಡೀತು ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಯಾಕವ್ವಾ ಇಷ್ಟ ತ್ರಾಸು? ನೆಟ್ಟಗ ನಿಂತು ನೋಡಬಾರದೇನು?”

“ನೋಡೇನ್ರಿ, ಅಣ್ಣಾರ,” ಎಂದಳು ಹುಸೇನಬಿ, ತಲೆ ಎತ್ತದೆ. “ನೆಟ್ಟಗ ನೋಡಿದ್ರ ನನಗ ಬಾನಿ ತೆಲಿಕೆಳಗಾದಂಗ ಕಾಣ್ತೈತಿ.”